ಮನೆವಾರ್ತೆಯ ವಿಜ್ಞಾನ: ಸುಣ್ಣ ಕಟ್ಟಿದ ಪಂಪು

ಕಳೆದ ಸಂಚಿಕೆಯಲ್ಲಿ ಕುಕ್ಕರಿನ ರಬ್ಬರು ಉಂಗುರದ ವಿಷಯ ಬರೆದು, ಈ ಸಲ ಗೀಸರಿನ ವಿಚಾರ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಮರೆತಿಲ್ಲ. ಗೀಸರು ಕೊನೆಗೆ ಬಂದೇ ಬರುತ್ತದೆ. ಆದರೆ ಅದಕ್ಕೂ ಮೊದಲು ಒಂದು ಮೀನಿನ ತೊಟ್ಟಿಯ ಕಥೆ ಹೇಳಬೇಕಾಗಿದೆ. ಅದರಲ್ಲಿ ತಪ್ಪು ನನ್ನದು. ಮೂವತ್ತು ವರುಷ ಕಾರ್ಖಾನೆಯ ಬಾಯ್ಲರಿನ ಮುಂದೆ ನಿಂತು ಸಂಬಳ ಪಡೆದವನು ಮುಷ್ಟಿಗಾತ್ರದ ಒಂದು ಪಂಪಿನ ಮುಂದೆ ಸೋತ ಸಂಗತಿ ಅದು. ಹೇಳಿಕೊಳ್ಳಲು ನಾಚಿಕೆಯೇ ಸರಿ. ಆದರೂ ಹೇಳುತ್ತೇನೆ, ಏಕೆಂದರೆ ಅದೇ ತಪ್ಪನ್ನು ನಮ್ಮವರಲ್ಲಿ ಅನೇಕರು ತಮ್ಮ ತಮ್ಮ ಬಚ್ಚಲುಮನೆಗಳಲ್ಲಿ ಮಾಡುತ್ತಿರುತ್ತಾರೆ.

ನಿಗಡಿ ಪ್ರಾಧಿಕರಣದ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಒಂದು ಕುಟುಂಬವಿದೆ. ಅವರ ಮಗ ಆಕುರ್ಡಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸಂಜೆ ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ದುಡ್ಡಿನಿಂದ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟಿದ್ದಾನೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 190 ಲೀಟರು ಹಿಡಿಯುತ್ತದೆ. ಅದರಲ್ಲಿರುವುದು ನಲ್ಲಿಯ ನೀರಲ್ಲ, ಉಪ್ಪು ಬೆರೆಸಿ ಮಾಡಿದ ಸಮುದ್ರದ ನೀರು. ಬೆಳಗಾವಿಯಾಚೆ ಘಟ್ಟ ಇಳಿಯದೆ ಸಮುದ್ರ ಕಾಣದ ನಮ್ಮಂಥವರಿಗೆ ಆ ತೊಟ್ಟಿ ಒಂದು ಸೋಜಿಗ. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಯುಳ್ಳ ಎರಡು ಕ್ಲೌನ್ ಮೀನು, ಒಂದಿಷ್ಟು ಕಲ್ಲು, ಕಲ್ಲಿನ ಮೇಲೆ ಗುಲಾಬಿ ಬಣ್ಣ ಬಳಿದಂತೆ ಬೆಳೆದ ಒಂದು ಜಾತಿಯ ಸುಣ್ಣಪಾಚಿ. ಸಂಜೆ ವೇಳೆ ನಮ್ಮ ಮನೆಯವರು ಅಲ್ಲಿ ಹೋಗಿ ಕುಳಿತರೆ ಕುಕ್ಕರು ಮೂರು ಸೀಟಿ ಹಾಕಿದರೂ ಇಳಿದು ಬರುವುದಿಲ್ಲ.

ಹೋದ ವರುಷ ಒಂದು ಗುರುವಾರ ದುರಸ್ತಿಗಾಗಿ ಹಗಲೆಲ್ಲ ಕರೆಂಟು ತೆಗೆದಿದ್ದರು. ಸಾಯಂಕಾಲ ಕರೆಂಟು ಬಂತು. ದೀಪ ಹತ್ತಿದವು, ಫ್ಯಾನು ತಿರುಗಿತು. ರಾತ್ರಿ ಒಂಬತ್ತಕ್ಕೆ ಹುಡುಗ ಓಡುತ್ತ ಬಂದು ನಮ್ಮ ಬಾಗಿಲು ತಟ್ಟಿದ.

“ಅಜ್ಜಾ, ಒಂದ್ ಸಲ ಮ್ಯಾಲ ಬರ್ರಿ. ಪಂಪ್ ತಿರಗವಲ್ದು. ಮೀನಾ ಎರಡೂ ಮ್ಯಾಲ ಬಂದು ಬಾಯಿ ತಗೀಲಿಕ್ಕತ್ತಾವ.”

ಹೋಗಿ ನೋಡಿದರೆ ಅವನ ತಾಯಿ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಪಕ್ಕ ನಿಂತು, ತಂಬಿಗೆಯಿಂದ ನೀರು ಮೊಗೆದು ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತಿದ್ದಳು. ಅದನ್ನು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಆದರೆ ಅದೇ ಸರಿಯಾದ ಉಪಾಯ. ನೀರು ಕಲಕಿದರೆ ಗಾಳಿಯ ಆಮ್ಲಜನಕ ಅದರೊಳಗೆ ಕರಗುತ್ತದೆ. ನಿಂತ ನೀರಿನಲ್ಲಿ, ಅದರಲ್ಲೂ ಬೆಚ್ಚಗಿನ ಉಪ್ಪುನೀರಿನಲ್ಲಿ, ಅದು ಬೇಗ ತೀರುತ್ತದೆ.

ನಾನು ಪಂಪನ್ನು ಹೊರತೆಗೆದು ಬಿಚ್ಚಿದೆ. ಈ ಪಂಪುಗಳ ರಚನೆ ಬಹಳ ಸರಳ. ತಂತಿಯ ಸುರುಳಿಯೆಲ್ಲ ಒಂದು ಮುಚ್ಚಿದ ಡಬ್ಬಿಯೊಳಗೆ ಭದ್ರವಾಗಿರುತ್ತದೆ. ನೀರಿನಲ್ಲಿ ತಿರುಗುವುದು ಒಂದು ಅಯಸ್ಕಾಂತದ ಉರುಳೆ ಮತ್ತು ಅದರ ತಲೆಗೆ ಜೋಡಿಸಿದ ಪುಟ್ಟ ಚಕ್ರ, ಅಷ್ಟೇ. ಆ ಉರುಳೆಯ ಸುತ್ತ ಬೆಳ್ಳಗೆ, ಉಗುರಿಗೆ ಜಗ್ಗದ ಹಾಗೆ ಸುಣ್ಣ ಕಟ್ಟಿತ್ತು. ತಿರುಗುತ್ತಿರುವವರೆಗೂ ಅದು ಹೇಗೋ ಉಜ್ಜಿಕೊಂಡು ತಿರುಗಿದೆ. ಒಮ್ಮೆ ನಿಂತ ಮೇಲೆ ಮತ್ತೆ ಹೊರಡುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಸುಣ್ಣ ಕಟ್ಟಿದ ಪಂಪು ಕೈಕೊಡುವುದು ಹೆಚ್ಚಾಗಿ ಹೀಗೆಯೇ, ಕರೆಂಟು ಹೋಗಿ ಬಂದಾಗ.

ಅದನ್ನು ನೋಡಿ ನನಗೆ ನಗು ಬಂತು. ಬಾಯ್ಲರಿನ ಕೊಳವೆಗಳಲ್ಲಿ ನಾನು ಜೀವಮಾನವಿಡೀ ಕಾದಾಡಿದ ಹಳೆಯ ವೈರಿ ಇದೇ ಅಲ್ಲವೆ! “ಬಚ್ಚಲಾ ತೊಳಿಯೋ ಆಸಿಡ್ ಐತೇನವ್ವಾ ಮನ್ಯಾಗ?” ಎಂದು ಕೇಳಿದೆ. ತಂದುಕೊಟ್ಟಳು. ನೀರು ಬೆರೆಸದೆ ಒಂದು ಬಟ್ಟಲಿಗೆ ಸುರಿದು ಉರುಳೆಯನ್ನು ಅದರಲ್ಲಿ ಹಾಕಿದೆ. ಭುಸುಗುಟ್ಟಿ ನೊರೆ ಬಂತು. ಎರಡೇ ನಿಮಿಷದಲ್ಲಿ ಸುಣ್ಣವೆಲ್ಲ ಮಾಯ. ತೊಳೆದು ಜೋಡಿಸಿದೆ, ಪಂಪು ತಿರುಗಿತು. ಹುಡುಗ ಕಾಲಿಗೆ ನಮಸ್ಕಾರ ಮಾಡಿದ. ನಾನು ಚಹ ಕುಡಿದು, ಕಾರ್ಖಾನೆಯ ಎರಡು ಹಳೆಯ ಕಥೆ ಹೇಳಿ ಕೆಳಗಿಳಿದು ಬಂದೆ.

ಹತ್ತು ದಿನದ ಮೇಲೆ ತಾಯಿ ಮಗ ಇಬ್ಬರೂ ಊರಿಗೆ ಮದುವೆಗೆ ಹೋಗಿದ್ದರು. ತಂದೆಗೆ ರಾತ್ರಿಪಾಳಿ. ಬೆಳಗ್ಗೆ ಅವರು ಬಂದು ನೋಡುವಾಗ ಪಂಪು ನಿಂತಿತ್ತು. ದೊಡ್ಡ ಮೀನು ಸತ್ತು ತಳದಲ್ಲಿ ಬಿದ್ದಿತ್ತು. ಚಿಕ್ಕದು ಇನ್ನೂ ಉಸಿರಾಡುತ್ತಿತ್ತು. ಪಂಪನ್ನು ಬಿಚ್ಚಿದಾಗ ಈ ಸಲ ಸುಣ್ಣ ಕಾಣಲಿಲ್ಲ. ಅಯಸ್ಕಾಂತದ ಮೇಲಿನ ಪ್ಲಾಸ್ಟಿಕ್ ಕವಚದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದರೊಳಗೆ ನನ್ನ ಆಸಿಡ್ ಇಳಿದಿದೆ. ಅದರ ಹಿಂದೆ ಉಪ್ಪುನೀರು ಇಳಿದಿದೆ. ಅಯಸ್ಕಾಂತ ತುಕ್ಕು ಹಿಡಿದು ಉಬ್ಬಿ, ಗೂಡಿನಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತ್ತು.

ಊರಿನಿಂದ ಬಂದ ಹುಡುಗ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯವರು ಆಡಿದರು. “ಕಾರ್ಖಾನಿ ಬುದ್ಧಿ ಇನ್ನೂ ಹೋಗಿಲ್ಲ ನಿಮ್ದು. ಅಲ್ಲೆ ಕಬ್ಬಿಣ ಇತ್ತು, ಇಲ್ಲೆ ಜೀವಾ ಐತಿ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕುಳಿತು ಯೋಚಿಸಿದಾಗ ಹೊಳೆದದ್ದು ಇದು: ಕಾರ್ಖಾನೆಯಲ್ಲಿ ಸಹ ನಾವು ಹೀಗೆ ಮಾಡುತ್ತಿರಲಿಲ್ಲ. ಬಾಯ್ಲರಿಗೆ ಆಸಿಡ್ ಹಾಕುವುದು ವರುಷಗಳಿಗೊಮ್ಮೆ ಬರುವ ಕೊನೆಯ ಉಪಾಯ. ಆಗಲೂ ಲೋಹವನ್ನು ಕಾಯುವ ಔಷಧ ಬೆರೆಸಿ, ಇಷ್ಟೇ ಹದ, ಇಷ್ಟೇ ಶಾಖ, ಇಷ್ಟೇ ಹೊತ್ತು ಎಂದು ಅಳೆದು ಹಾಕಿ, ಬಳಿಕ ಸೋಡಾದಿಂದ ತೊಳೆಯುತ್ತಿದ್ದೆವು. ದಿನನಿತ್ಯದ ಕೆಲಸವೇ ಬೇರೆ. ಪ್ರತಿ ಪಾಳಿಯಲ್ಲಿ ಮೊದಲು ನೀರನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುವುದು. ಸುಣ್ಣ ಎಷ್ಟಿದೆ, ಕ್ಷಾರ ಎಷ್ಟಿದೆ ಎಂದು ನೋಡಿಕೊಂಡ ಮೇಲೆಯೇ ಮುಂದಿನ ಮಾತು. ಆ ಗುರುವಾರ ರಾತ್ರಿ ನಾನು ಸುಣ್ಣವನ್ನು ಕಿತ್ತೆನೇ ಹೊರತು, ಇದು ಎಲ್ಲಿಂದ ಬಂತು, ಏಕೆ ಇಲ್ಲಿಯೇ ಕೂತಿತು ಎಂದು ಕೇಳಲೇ ಇಲ್ಲ. ಆ ಪ್ರಶ್ನೆಯನ್ನು ಈಗ ಕೇಳೋಣ.

ನೀರಿನಲ್ಲಿ ಸುಣ್ಣ ಹೇಗೆ ಬರುತ್ತದೆ? ಮಳೆಯ ನೀರಿನಲ್ಲಿ ಸುಣ್ಣವಿಲ್ಲ. ಅದು ನೆಲದಲ್ಲಿ ಇಂಗುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲ ಅನಿಲವನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಸಂದುಗಳಲ್ಲಿ ವರುಷಾನುಗಟ್ಟಲೆ ನಿಂತು, ಅಲ್ಲಿಯ ಸುಣ್ಣವನ್ನೂ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಳ್ಳುತ್ತದೆ. ಇದೇ ನಮ್ಮ ಕೊಳವೆಬಾವಿಯ ಗಡಸು ನೀರು. ಸಾಬೂನು ನೊರೆ ಬಿಡದ, ಬೇಳೆ ಬೇಯದ ನೀರು ಎಂದು ನಮ್ಮ ತಾಯಂದಿರು ಬಾವಿಯ ಕಟ್ಟೆಯ ಮೇಲೆಯೇ ತೀರ್ಪು ಹೇಳುತ್ತಿದ್ದುದು ಇದಕ್ಕೇ.

ನಿಗಡಿಯಲ್ಲಿ ನಾವು ಬಳಸುವ ನೀರು ಎರಡು ಬಗೆಯದು. ಮೊದಲನೆಯದು ನಗರಪಾಲಿಕೆಯ ನೀರು. ಮಾವಳ ಸೀಮೆಯ ಪವನಾ ಜಲಾಶಯದಿಂದ ನದಿಗುಂಟ ಹರಿದು ಬಂದು, ರಾವೇತದ ಬಂಧಾರದಲ್ಲಿ ಎತ್ತಲ್ಪಟ್ಟು, ಇಲ್ಲಿಯೇ ನಿಗಡಿಯ 23ನೆಯ ಸೆಕ್ಟರಿನ ಕೇಂದ್ರದಲ್ಲಿ ಶುದ್ಧವಾಗಿ ಬರುತ್ತದೆ. ಸಹ್ಯಾದ್ರಿಯ ಮಳೆಯ ನೀರಾದ್ದರಿಂದ ಇದು ಮೆದುವಾದದ್ದು. ಎರಡನೆಯದು ಕೊಳವೆಬಾವಿಯ ಅಥವಾ ಟ್ಯಾಂಕರಿನ ನೀರು. 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಏರ್ಪಾಡು ಆರಂಭವಾದ ಮೇಲೆ ಎಷ್ಟೋ ಕಟ್ಟಡಗಳು ಈ ಎರಡನೆಯದನ್ನು ಹೆಚ್ಚಾಗಿ ನೆಚ್ಚಿಕೊಂಡಿವೆ. ಮೇಲಿನ ಟಾಕಿಯಲ್ಲಿ ಎರಡೂ ಬೆರೆತಿರುತ್ತವೆ. ಇಂದು ಮೆದು, ನಾಳೆ ಗಡಸು. ನಲ್ಲಿ ತಿರುಗಿಸುವವರಿಗೆ ತಿಳಿಯುವುದಿಲ್ಲ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಾಗ 600ರವರೆಗೆ ನಡೆದೀತು. ಕುಡಿಯುವವರಿಗೆ ನಡೆಯುವ ಈ ನೀರು ಯಂತ್ರಗಳಿಗೆ ನಡೆಯುವುದಿಲ್ಲ.

ಇನ್ನು ಕರಗಿದ ಸುಣ್ಣ ಮತ್ತೆ ಕಲ್ಲಾಗುವುದೇಕೆ? ಸಕ್ಕರೆ, ಉಪ್ಪು ಇವೆಲ್ಲ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಸುಣ್ಣಕಲ್ಲಿನ ಸ್ವಭಾವ ಇದಕ್ಕೆ ವಿರುದ್ಧ. ನೀರು ಬಿಸಿಯಾದಂತೆ ಅದನ್ನು ಕರಗಿಸಿ ಇಟ್ಟಿದ್ದ ಇಂಗಾಲಾಮ್ಲ ಹಾರಿಹೋಗುತ್ತದೆ, ಸುಣ್ಣ ಕೆಳಗೆ ಕೂಡುತ್ತದೆ. ಎಲ್ಲಿ ಕೂಡುತ್ತದೆ? ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ. ಬಾಯ್ಲರಿನಲ್ಲಿ ಕೊಳವೆಯ ಮೇಲೆ, ಗೀಸರಿನಲ್ಲಿ ಸುರುಳಿಯ ಮೇಲೆ, ನಮ್ಮೂರ ಮನೆಯ ಹಂಡೆಯಲ್ಲಿ ಉರಿ ತಾಗುವ ತಳದ ಮೇಲೆ. ಮೀನಿನ ತೊಟ್ಟಿಯಲ್ಲಿ ಬಿಸಿಯಾದ ಜಾಗಗಳು ಎರಡು: ನೀರು ಕಾಯಿಸುವ ಹೀಟರಿನ ಕೊಳವೆ, ಮತ್ತು ಹಗಲಿರುಳು ತಿರುಗಿ ಮೈ ಬಿಸಿಮಾಡಿಕೊಳ್ಳುವ ಪಂಪಿನ ಉರುಳೆ. ಅದಕ್ಕೇ ಗಾಜಿನ ಗೋಡೆ ತಿಳಿಯಾಗಿದ್ದರೂ ಪಂಪಿನ ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತದೆ.

ಇಲ್ಲಿಯವರೆಗೆ ಬಾಯ್ಲರೂ ತೊಟ್ಟಿಯೂ ಒಂದೇ. ಇಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ಬಾಯ್ಲರಿನ ನೀರಿನಿಂದ ನಾವು ಸುಣ್ಣವನ್ನೆಲ್ಲ ತೆಗೆದುಹಾಕುತ್ತಿದ್ದೆವು. ಉಳಿದರೆ ಅದು ದೋಷ. ಸಮುದ್ರದ ತೊಟ್ಟಿಯಲ್ಲಿ ಸುಣ್ಣ ಇರಲೇಬೇಕು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪುಗಳಿರುತ್ತವೆ. ಅದರಲ್ಲಿ ಕ್ಯಾಲ್ಸಿಯಂ ಸುಮಾರು 400 ಮಿಲಿಗ್ರಾಂ. ಹವಳದ ಜೀವಿ ತನ್ನ ಮನೆ ಕಟ್ಟುವುದು ಇದರಿಂದಲೇ, ಶಂಖ ಚಿಪ್ಪುಗಳಾಗುವುದು ಇದರಿಂದಲೇ. ಈ ಹುಡುಗನ ಕಲ್ಲಿನ ಗುಲಾಬಿ ಪಾಚಿ ಹಬ್ಬುವುದೂ ಇದರಿಂದಲೇ. ಜೀವಿಗಳು ಬಳಸಿದಂತೆಲ್ಲ ಸುಣ್ಣ ಕಡಿಮೆಯಾಗುತ್ತದೆ, ಸಾಕುವವರು ಅದನ್ನು ತುಂಬುತ್ತಿರಬೇಕು. ಜೀವಿಗೆ ಅನ್ನವಾದ ವಸ್ತುವೇ ಯಂತ್ರಕ್ಕೆ ಕುತ್ತಿಗೆ ಹಿಡಿಯುವ ಹಗ್ಗ. ಅದನ್ನು ಓಡಿಸುವ ಹಾಗಿಲ್ಲ, ಕಲ್ಲಾಗಲು ಬಿಡುವ ಹಾಗೂ ಇಲ್ಲ.

ಹಾಗಾದರೆ ಸಮುದ್ರವೇ ಏಕೆ ಕಲ್ಲಾಗಿ ಕೂಡಲಿಲ್ಲ? ಲೆಕ್ಕ ಹಾಕಿದರೆ, ಮೇಲ್ಭಾಗದ ಬೆಚ್ಚಗಿನ ಸಮುದ್ರದ ನೀರು ತಾನು ಹಿಡಿಯಬಹುದಾದುದಕ್ಕಿಂತ ಹೆಚ್ಚು ಸುಣ್ಣಕಲ್ಲಿನ ಅಂಶವನ್ನು ಹೊತ್ತಿದೆ. ಆದರೂ ಅದು ಕೂಡದಿರುವುದಕ್ಕೆ ಮುಖ್ಯ ಕಾರಣ ಮೆಗ್ನೀಸಿಯಂ. ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಇರುವ ಇದು, ಸುಣ್ಣದ ಹರಳು ಬೆಳೆಯಲು ಹೊರಟ ಕಡೆಯೆಲ್ಲ ನಡುವೆ ಬಂದು ಕೂತು ಬೆಳವಣಿಗೆಯನ್ನು ತಡೆಯುತ್ತದೆ. ಜಗಳವಾಡುವ ದಾಯಾದಿಗಳ ನಡುವೆ ಬಂದು ಕೂರುವ ಹಿರಿಯರಿದ್ದಂತೆ. ಆ ಹಿರಿಯರು ಎದ್ದು ಹೋದರೆ ಸುಣ್ಣ ಕಟ್ಟಲು ಹತ್ತುತ್ತದೆ.

ಇಷ್ಟು ತಿಳಿದ ಮೇಲೆ ನಾನೂ ಹುಡುಗನೂ ಕಾರ್ಖಾನೆಯ ಪದ್ಧತಿಯಲ್ಲಿ ಕುಳಿತು ತೊಟ್ಟಿಯ ದಿನಚರಿಯನ್ನು ಬರೆದೆವು. ತಪ್ಪುಗಳು ತಾವಾಗಿ ಕಂಡವು. ಪಾಚಿ ಚೆನ್ನಾಗಿ ಹಬ್ಬಲೆಂದು ಹುಡುಗ ಸುಣ್ಣದ ತಿಳಿನೀರು ಹಾಕುತ್ತಿದ್ದ. ಅದು ತಪ್ಪಲ್ಲ, ಜರ್ಮನರು ‘ಕಾಲ್ಕ್‌ವಾಸರ್’ ಎಂದು ಕರೆದು ಬಳಕೆಗೆ ತಂದ ಈ ದ್ರವ ನಮ್ಮ ಅಜ್ಜಿಯರು ಬಲ್ಲ ಸುಣ್ಣದ ತಿಳಿಯೇ ಹೊರತು ಬೇರೇನಲ್ಲ. ಒಂದು ಲೀಟರು ನೀರಿನಲ್ಲಿ ಒಂದೂವರೆ ಗ್ರಾಮಿನಷ್ಟು ಮಾತ್ರ ಸುಣ್ಣ ಕರಗುತ್ತದೆ. ಆದರೆ ಅದರ ಕ್ಷಾರ ಬಲು ತೀಕ್ಷ್ಣ. ಹುಡುಗ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಒಮ್ಮೆಗೇ ಅರ್ಧ ತಂಬಿಗೆ, ಅದೂ ಪಂಪಿನ ಬಾಯಿಯ ಹತ್ತಿರ ಸುರಿಯುತ್ತಿದ್ದ. ಸುರಿದಲ್ಲಿ ನೀರು ಕ್ಷಣಹೊತ್ತು ಹಾಲಿನಂತೆ ಬಿಳಿಚುತ್ತಿತ್ತು. ಆ ಬಿಳುಪೇ ಸುಣ್ಣ ಕಲ್ಲಾಗುತ್ತಿದ್ದುದರ ಗುರುತು; ಪಂಪು ಅದನ್ನು ಹಾಗೆಯೇ ಒಳಗೆ ಎಳೆದುಕೊಳ್ಳುತ್ತಿತ್ತು. ಎರಡನೆಯ ತಪ್ಪು, ಆರಿಹೋದ ನೀರಿನ ಬದಲಿಗೆ ನಲ್ಲಿಯ ನೀರು ಹಾಕುವುದು. ತೊಟ್ಟಿಯಿಂದ ಆರಿಹೋಗುವುದು ಬರಿಯ ನೀರು. ಉಪ್ಪೂ ಸುಣ್ಣವೂ ಅಲ್ಲಿಯೇ ಉಳಿಯುತ್ತವೆ. ಅದಕ್ಕೆ ಮತ್ತೆ ಟ್ಯಾಂಕರಿನ ಗಡಸು ನೀರು ಕೂಡಿಸಿದರೆ ದಿನದಿನಕ್ಕೆ ಲೆಕ್ಕ ಏರುತ್ತದೆ. ಮೂರನೆಯದು, ಮೆಗ್ನೀಸಿಯಮ್ಮನ್ನು ಅವನು ಒಮ್ಮೆಯೂ ಅಳೆದಿರಲಿಲ್ಲ.

ಈಗ ನಾವು ನಡೆಸುತ್ತಿರುವ ಕ್ರಮ ಹೀಗಿದೆ. ಸಮುದ್ರದ ತೊಟ್ಟಿ ಇಟ್ಟವರು ನಮ್ಮಲ್ಲಿ ಕೆಲವರಾದರೂ ಇದ್ದಾರೆ. ಅವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

1. ಅಳೆಯದೆ ಏನನ್ನೂ ಹಾಕಬಾರದು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1,250ರಿಂದ 1,350, ಕ್ಷಾರಗುಣ ಜರ್ಮನ್ ಅಳತೆಯಲ್ಲಿ 7ರಿಂದ 9. ವಾರಕ್ಕೊಮ್ಮೆ ನೋಡಿ ಬರೆದಿಡಬೇಕು. ಮೂರರಲ್ಲಿ ಒಂದನ್ನು ಮಾತ್ರ ಏರಿಸಹೋದರೆ ಸುಣ್ಣ ಕೂಡುತ್ತದೆ.

2. ಆರಿದಷ್ಟು ನೀರನ್ನು ಆರ್‌ಓ ಯಂತ್ರದ ನೀರಿನಿಂದಲೇ ತುಂಬಬೇಕು. ಆದರೆ ಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರು ಬೆರೆಸುವ ತಿರುಪು ಇರುವುದುಂಟು; ಖನಿಜ ಸೇರಿಸುವ ಡಬ್ಬಿಯೂ ಇರುವುದುಂಟು. ಅವುಗಳಿಗೆ ಮುಂಚೆಯೇ ನೀರು ಹಿಡಿಯುವಂತೆ ಮೆಕ್ಯಾನಿಕ್‌ಗೆ ಹೇಳಿ ಒಂದು ಕೊಳವೆ ತೆಗೆಸಿಕೊಳ್ಳಬೇಕು.

3. ಸುಣ್ಣದ ತಿಳಿಯನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಬಿಡಬೇಕು. ದೀಪ ಆರಿದ ಮೇಲೆ ತೊಟ್ಟಿಯ ಕ್ಷಾರ ತಾನಾಗಿಯೇ ಇಳಿದಿರುತ್ತದೆ. ನೀರು ಜೋರಾಗಿ ಹರಿಯುವ ಕಡೆ, ಆದರೆ ಪಂಪಿನ ಬಾಯಿಗೂ ಹೀಟರಿಗೂ ದೂರವಾಗಿ ಹನಿಸಬೇಕು. ದಿನಕ್ಕೆ ಆರಿಹೋದಷ್ಟು ನೀರಿಗಿಂತ ಹೆಚ್ಚು ಹಾಕಬಾರದು. ಬುಡದ ಗಸಿಯನ್ನು ಹಾಕಲೇಬಾರದು. ಕಣ್ಣಿಗೆ ತಾಗದಂತೆ ಎಚ್ಚರವಿರಲಿ.

4. ಹೀಟರನ್ನು ನೀರು ನಿಂತ ಮೂಲೆಯಲ್ಲಿ ಇಡಬಾರದು, ಹರಿವಿನಲ್ಲಿಡಬೇಕು. ಶಾಖ 25, 26 ಡಿಗ್ರಿ ಸಾಕು.

5. ಎರಡು ಚಿಕ್ಕ ಪಂಪು ಇರುವುದು ಒಂದು ದೊಡ್ಡ ಪಂಪಿಗಿಂತ ಲೇಸು. ಒಂದು ನಿಂತರೆ ಇನ್ನೊಂದು ಜೀವ ಉಳಿಸುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಮನೆಯಲ್ಲಿರಲಿ. ಅದೂ ಇಲ್ಲದಾಗ ತಂಬಿಗೆ ಇದ್ದೇ ಇದೆ.

6. ಪಂಪನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ಹೊಸ ಸುಣ್ಣ ಮೊಸರಿನ ಕೆನೆಯಂತೆ. ಹಳೆಯ ಸುಣ್ಣ ಬಂಡೆಯಂತೆ. ಕೆನೆಯಾಗಿರುವಾಗಲೇ ತೆಗೆಯಬೇಕು.

ತೊಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಬೇಕು. ಬರಿ ಗುಂಡಿ ಆರಿಸಿದರೆ ಸಾಲದು. ಹೀಟರನ್ನು ಹೊರತೆಗೆಯುವುದಾದರೆ ಪ್ಲಗ್ಗು ಕಿತ್ತ ಮೇಲೆ ಹದಿನೈದು ನಿಮಿಷ ನೀರಿನಲ್ಲಿಯೇ ಆರಲು ಬಿಡಬೇಕು, ಇಲ್ಲದಿದ್ದರೆ ಗಾಜು ಸೀಳುತ್ತದೆ. ಅಡಿಗೆಮನೆಯ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಅದರಲ್ಲಿ ಪಂಪಿನ ಭಾಗಗಳನ್ನು ಮುಳುಗಿಸಿಡಬೇಕು. ನೂರಕ್ಕೆ ಐದರ ವಿನೆಗರ್ ಒಂದು ಲೀಟರಿದ್ದರೆ ಅದು ಸುಮಾರು 40 ಗ್ರಾಂ ಸುಣ್ಣಕಲ್ಲನ್ನು ಕರಗಿಸಬಲ್ಲದು. ಇಂಥ ಹತ್ತು ಪಂಪಿಗೆ ಅಷ್ಟು ಸಾಕು. ವಿನೆಗರಿನ ವಾಸನೆ ಆಗದವರು ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ‘ಲಿಂಬೂ ಸತ್ವ’ ಎಂದು ಕೇಳಿದರೆ ಸಿಟ್ರಿಕ್ ಆಮ್ಲದ ಬಿಳಿಯ ಹರಳು ಕೊಡುತ್ತಾರೆ. ಲೀಟರು ಉಗುರುಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚೆ ಸಾಕು. ಬೇಗ ಆಗಲೆಂದು ಕುದಿಯುವ ನೀರಿನಲ್ಲಿ ಹೆಚ್ಚು ಹಾಕಿದರೆ ಸುಣ್ಣ ಬೇರೊಂದು ಬಿಳಿ ಗಸಿಯಾಗಿ ಮತ್ತೆ ಕೂಡುತ್ತದೆ. ಒಂದು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಚಾಕು ಚೂರಿ ಹಾಕಿ ಕೆರೆಯಬಾರದು. ಗೀರು ಬಿದ್ದಲ್ಲಿ ಸುಣ್ಣ ಮೊದಲು ಹಿಡಿಯುತ್ತದೆ. ಉರುಳೆಯ ಕವಚದಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇದ್ದರೆ ಆ ಉರುಳೆಯನ್ನು ಬದಲಾಯಿಸಬೇಕು. ಈ ಕೊನೆಯ ಮಾತನ್ನು ನಾನು ಒಂದು ಮೀನಿನ ಬೆಲೆ ತೆತ್ತು ಕಲಿತಿದ್ದೇನೆ.

ಮೀನಿನ ತೊಟ್ಟಿ ಇಲ್ಲದ ಗೃಹಿಣಿಯರು “ನಮಗೇನು ಇದರಿಂದ?” ಎಂದು ಕೇಳುವ ಹೊತ್ತಾಯಿತು. ಈಗ ಗೀಸರಿಗೆ ಬರೋಣ.

ನಿಮ್ಮ ಗೀಸರು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆಯೆ? ಕಾಯುವಾಗ ಒಳಗೆ ಗುಡುಗುಡು, ಟಪಟಪ ಸದ್ದು ಬರುತ್ತಿದೆಯೆ? ಹಾಗಿದ್ದರೆ ಸುರುಳಿಯ ಮೇಲೆ ಸುಣ್ಣದ ಅಂಗಿ ಕೂತಿರಬಹುದು. ಸುಣ್ಣದ ಮೂಲಕ ಶಾಖ ಸುಲಭವಾಗಿ ದಾಟುವುದಿಲ್ಲ; ಸುರುಳಿ ತಾನೇ ಬೆಂದು ಸುಟ್ಟುಹೋಗುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ. ಶಾಖದ ಗುಂಡಿಯನ್ನು 60 ಡಿಗ್ರಿಯ ಮೇಲೆ ಏರಿಸಬೇಡಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕೂಡುತ್ತದೆ. ವರುಷಕ್ಕೊಮ್ಮೆ ಬಲ್ಲ ಮೆಕ್ಯಾನಿಕ್‌ನಿಂದ ಟಾಕಿಯನ್ನು ಖಾಲಿಮಾಡಿಸಿ, ಸುರುಳಿ ತೊಳೆಸಿ. ಅದರ ಪಕ್ಕದಲ್ಲಿ ಟಾಕಿಯನ್ನು ಕಾಯಲೆಂದೇ ಇಟ್ಟಿರುವ, ತಾನು ಸವೆದು ಟಾಕಿಯನ್ನು ಉಳಿಸುವ ಲೋಹದ ಸಲಾಕೆಯೊಂದಿರುತ್ತದೆ. ಅದು ಪೂರಾ ಸವೆದಿದ್ದರೆ ಬದಲಾಯಿಸಿ. ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷಾ ಕವಾಟ. ಒಳಗಿನ ಒತ್ತಡ ಮಿತಿಮೀರಿದರೆ ನೀರನ್ನು ಹೊರಬಿಡುವ ಪುಟ್ಟ ಬಾಯಿ ಅದು. ಸುಣ್ಣ ಕಟ್ಟಿ ಅದು ಮುಚ್ಚಿಹೋದರೆ ಗೀಸರು ಒಡೆಯುವ ಭಯವಿದೆ. ಅದರಿಂದ ಹನಿ ಬೀಳುತ್ತದೆಂದು ಕೆಲವರು ಚಿಂದಿ ತುರುಕಿ ಮುಚ್ಚುವುದನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನೀರು ಕಾಯಿಸುವ ಕೆಟಲು, ಬಕೆಟ್ಟಿನಲ್ಲಿ ಇಳಿಬಿಡುವ ರಾಡು, ಸ್ನಾನದ ಶವರಿನ ತೂತು, ಇವೆಲ್ಲಕ್ಕೂ ಮೇಲೆ ಹೇಳಿದ ಲಿಂಬೂ ಸತ್ವವೇ ಮದ್ದು. ಆದರೆ ಆ ನೀರು ನೆಲದ ಮೇಲೆ ಚೆಲ್ಲದಿರಲಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದದಿಂದ ಬಂದು ಪುಣೆಯ ಹಳೆಯ ಮನೆಗಳನ್ನೆಲ್ಲ ತಂಪಾಗಿಟ್ಟ ಫರಸಿಯೂ ಸುಣ್ಣಕಲ್ಲೇ, ಅಡಿಗೆಕಟ್ಟೆಯ ಕಡಪಾ ಕಲ್ಲೂ ಸುಣ್ಣಕಲ್ಲೇ. ಹುಳಿ ಅದನ್ನೂ ತಿನ್ನುತ್ತದೆ.

ಬಚ್ಚಲ ಆಸಿಡ್ಡಿನ ಬಗ್ಗೆ ಒಂದು ಕಟ್ಟುನಿಟ್ಟಾದ ಮಾತು. ಅದನ್ನು ಗೀಸರಿಗೂ ಪಾತ್ರೆಗೂ ಪಂಪಿಗೂ ಹಾಕಲೇಬೇಡಿ. ಬಿಳುಪಿನ ಪುಡಿ ಅಥವಾ ಬಟ್ಟೆ ಬಿಳಿಮಾಡುವ ದ್ರಾವಣದ ಜೊತೆಗಂತೂ ಯಾವ ಆಮ್ಲವನ್ನೂ, ವಿನೆಗರನ್ನು ಕೂಡ, ಬೆರೆಸಬೇಡಿ. ಕ್ಲೋರಿನ್ ಎಂಬ ವಿಷದ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ನಮ್ಮ ಚಿಕ್ಕ ಬಚ್ಚಲುಮನೆಗಳಲ್ಲಿ ಅದು ಪ್ರಾಣಕ್ಕೇ ಕುತ್ತಾದೀತು.

ಮುಗಿಸುವ ಮುನ್ನ ಸಮುದ್ರದ ತೊಟ್ಟಿಗೆ ಆಸೆಪಡುವ ತರುಣರಿಗೆ ಇನ್ನೊಂದು ಮಾತು. ಮುರುಡೇಶ್ವರಕ್ಕೆ ಹೋದವರು ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ ನೀರಿನೊಳಗೆ ಹವಳಗಳನ್ನು ನೋಡಿ ಬಂದಿರಬಹುದು. ನೋಡಿ ಬನ್ನಿ, ಒಂದು ಚೂರನ್ನೂ ತರಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಕಡಲಿನಿಂದ ಅವನ್ನು ಕಿತ್ತು ತರುವುದು ದೊಡ್ಡ ಅಪರಾಧ. ಕ್ಲೌನ್ ಮೀನುಗಳ ಮಾತು ಬೇರೆ. ಅವನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿ ಸಾಕುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಢಿಸಿದ್ದಾರೆ. ಹಾಗೆ ಸಾಕಿದ ಮರಿಗಳನ್ನೇ ಕೇಳಿ ಕೊಳ್ಳಬೇಕು.

ನಮ್ಮ ಹುಡುಗನೂ ಅಂಥದೇ ಒಂದು ಮರಿಯನ್ನು ತಂದ. ಈ ಮೀನುಗಳಲ್ಲಿ ಒಂದು ವಿಚಿತ್ರವಿದೆ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು; ಹೆಣ್ಣು ಸತ್ತರೆ ಉಳಿದ ಗಂಡೇ ಕ್ರಮೇಣ ಬೆಳೆದು ಹೆಣ್ಣಾಗುತ್ತದೆ. ಆ ರಾತ್ರಿ ಬದುಕುಳಿದ ಚಿಕ್ಕ ಮೀನು ಈಗ ತೊಟ್ಟಿಯ ಯಜಮಾನಿ. ಹೊಸ ಮರಿಯನ್ನು ಮೊದಮೊದಲು ಅಟ್ಟಾಡಿಸಿತು. ಈಗ ಎರಡೂ ಒಂದೇ ಕಲ್ಲಿನ ಮರೆಯಲ್ಲಿ ಮಲಗುತ್ತವೆ.

ತೊಟ್ಟಿಯ ಪಕ್ಕದ ಗೋಡೆಗೆ ಒಂದು ವಹಿ ತೂಗುಬಿದ್ದಿದೆ. ತಾರೀಖು, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರ, ಪಂಪು ತೊಳೆದ ದಿನ, ಎಲ್ಲಕ್ಕೂ ಕಟ್ಟೆ ಹಾಕಿದ ಸಾಲುಗಳು. ನನ್ನ ಕಾರ್ಖಾನೆಯ ಪಾಳಿಯ ಪುಸ್ತಕದ ಹಾಗೆಯೇ. ಪ್ರತಿ ಭಾನುವಾರ ನಾನು ಮೇಲೆ ಹೋಗಿ ಅದರ ಕೆಳಗೆ ರುಜು ಹಾಕುತ್ತೇನೆ. ಗುರುವಾರ ಕರೆಂಟು ಹೋಗಿ ಬಂದರೆ ಹುಡುಗ ಫೋನು ಮಾಡಿ ಎರಡೇ ಮಾತು ಹೇಳುತ್ತಾನೆ: “ತಿರಗಲಿಕ್ಕತ್ತದ, ಅಜ್ಜಾ.”

ಮುಂದಿನ ಸಂಚಿಕೆಯಲ್ಲಿ ಮಿಕ್ಸರಿನ ಇಂಗಾಲದ ಬ್ರಷ್ಷುಗಳ ವಿಚಾರ. ಪ್ರಶ್ನೆಗಳಿದ್ದರೆ ಎಂದಿನಂತೆ ಸಂಘದ ಕಚೇರಿಯ ಪೆಟ್ಟಿಗೆಯಲ್ಲಿ ಹಾಕಿರಿ. ನಿಮ್ಮ ಮನೆಯ ನೀರು ಯಾವುದು, ನದಿಯದೋ ಕೊಳವೆಬಾವಿಯದೋ ಎಂಬುದನ್ನು ಮಾತ್ರ ಚೀಟಿಯ ತಲೆಯಲ್ಲಿ ಬರೆಯಲು ಮರೆಯಬೇಡಿರಿ.